ಹನ್ನೊಂದು ಜನ ಸಾಕಾಗಿದ್ದ ಕಾಲ: ಸೆವಾನಿ ಫುಟ್‌ಬಾಲ್ ತಂಡದ 1899ರ ಋತು

ಅಮೆರಿಕದ ಟೆನೆಸಿ ರಾಜ್ಯದಲ್ಲಿ, ಕಂಬರ್‌ಲ್ಯಾಂಡ್ ಪ್ರಸ್ಥಭೂಮಿಯ ಮೇಲಿರುವ ಸೆವಾನಿ ಸಣ್ಣ ಊರು. ಎಪಿಸ್ಕೋಪಲ್ ಚರ್ಚಿನವರು 1857ರಲ್ಲಿ ಸ್ಥಾಪಿಸಿದ ‘ಯೂನಿವರ್ಸಿಟಿ ಆಫ್ ದ ಸೌತ್’ ಇರುವುದು ಇಲ್ಲಿಯೇ. ಕೆಲವೇ ನೂರು ವಿದ್ಯಾರ್ಥಿಗಳಿದ್ದ ಈ ಸಂಸ್ಥೆಯ ಅಮೆರಿಕನ್ ಫುಟ್‌ಬಾಲ್ ತಂಡ 1899ರಲ್ಲಿ ಆಡಿದ 12 ಪಂದ್ಯಗಳನ್ನೂ ಗೆದ್ದಿತು. ಗಳಿಸಿದ್ದು 322 ಅಂಕ, ಬಿಟ್ಟುಕೊಟ್ಟಿದ್ದು ಬರೀ 10. ಈ ಯಶಸ್ಸಿಗೆ ಆಟಗಾರರ ಕೆಚ್ಚಿನಷ್ಟೇ ಅಂದಿನ ಆಟದ ಸ್ವರೂಪವೂ ಕಾರಣ ಎಂಬುದು ಈ ಲೇಖನದ ವಾದ.

ಪ್ರವಾಸದ ಹಿನ್ನೆಲೆ

ಸೆವಾನಿಗೆ ಹೆಚ್ಚು ಹಣ ತರುತ್ತಿದ್ದುದು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೊತೆಗಿನ ಪಂದ್ಯ. ಟಿಕೆಟ್ ಹಣದ ಹಂಚಿಕೆಯಲ್ಲಿ ಜಗಳವಾಗಿ ಆ ವರ್ಷ ಅದು ನಿಂತುಹೋಯಿತು. ನಷ್ಟ ತುಂಬಿಕೊಳ್ಳಲು ವಿದ್ಯಾರ್ಥಿ ವ್ಯವಸ್ಥಾಪಕ ಲ್ಯೂಕ್ ಲೀ ಹೂಡಿದ ಉಪಾಯವೇ ಸುಮಾರು 2,500 ಮೈಲಿಗಳ ರೈಲು ಪ್ರವಾಸ. ಈತನೇ ಮುಂದೆ ಅಮೆರಿಕದ ಸೆನೆಟರ್ ಆದ. ತರಬೇತುದಾರ ಬಿಲ್ಲಿ ಸೂಟರ್, ನಾಯಕ ಹೆನ್ರಿ ಸೈಬೆಲ್ಸ್.

ನವೆಂಬರ್ 9ರಂದು ಆಸ್ಟಿನ್‌ನಲ್ಲಿ ಟೆಕ್ಸಾಸ್ ವಿರುದ್ಧ 12-0. 10ರಂದು ಹ್ಯೂಸ್ಟನ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿರುದ್ಧ 10-0. 11ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್ ವಿರುದ್ಧ 23-0. ಭಾನುವಾರ ವಿರಾಮ. 13ರಂದು ಬ್ಯಾಟನ್ ರೂಜ್‌ನಲ್ಲಿ ಲೂಸಿಯಾನ ಸ್ಟೇಟ್ ವಿರುದ್ಧ 34-0. 14ರಂದು ಮೆಂಫಿಸ್‌ನಲ್ಲಿ ಮಿಸಿಸಿಪಿ ವಿರುದ್ಧ 12-0. ಆರು ದಿನಗಳಲ್ಲಿ ಐದು ಗೆಲುವು, ಎದುರಾಳಿಗಳಿಗೆ ಒಂದು ಅಂಕವೂ ಇಲ್ಲ.

ಅಂದಿನ ಆಟ

ಆಗ ಟಚ್‌ಡೌನ್‌ಗೆ, ಅಂದರೆ ಚೆಂಡನ್ನು ಎದುರಾಳಿಯ ಅಂತಿಮ ಗೆರೆ ದಾಟಿಸಿದ್ದಕ್ಕೆ, ಐದು ಅಂಕ. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿದ್ದು 1906ರಲ್ಲಿ. ಅದಕ್ಕೂ ಮೊದಲು ಚೆಂಡು ತಮ್ಮಲ್ಲೇ ಉಳಿಯಬೇಕಾದರೆ ಮೂರು ಯತ್ನಗಳಲ್ಲಿ ಐದು ಗಜ ನುಗ್ಗಬೇಕಿತ್ತು. ಆಕ್ರಮಣಕ್ಕೂ ರಕ್ಷಣೆಗೂ ಅದೇ ಹನ್ನೊಂದು ಜನ. ಒಮ್ಮೆ ಹೊರಹೋದ ಆಟಗಾರ ಆ ಪಂದ್ಯಕ್ಕೆ ಮರಳುವಂತಿರಲಿಲ್ಲ. ಹೀಗಾಗಿ ದೊಡ್ಡ ವಿಶ್ವವಿದ್ಯಾಲಯದ ಬಳಿ ಎಷ್ಟೇ ಹುಡುಗರಿದ್ದರೂ ಮೈದಾನದಲ್ಲಿ ಅದರಿಂದ ಹೆಚ್ಚು ಲಾಭವಿರಲಿಲ್ಲ. ಹನ್ನೊಂದು ಗಟ್ಟಿಗರು ಕೂಡಿಬಂದರೆ ಸಣ್ಣ ಕಾಲೇಜೂ ಸರಿಸಮ ನಿಲ್ಲಬಹುದಿತ್ತು.

ಪ್ರವಾಸದ ಕೀರ್ತಿಯ ನೆರಳಿನಲ್ಲಿ ಉಳಿದ ಪಂದ್ಯಗಳು ಮರೆಯಾಗಬಾರದು. ಜಾರ್ಜಿಯಾ, ಜಾರ್ಜಿಯಾ ಟೆಕ್, ಟೆನೆಸಿ ತಂಡಗಳು ಪ್ರವಾಸಕ್ಕೆ ಮುಂಚೆಯೇ ಸೋತಿದ್ದವು. ನಿಜವಾದ ಪರೀಕ್ಷೆ ಎದುರಾದದ್ದು ನವೆಂಬರ್ 30ರಂದು, ಜಾನ್ ಹೈಸ್ಮನ್ ತರಬೇತಿಯ ಆಬರ್ನ್ ವಿರುದ್ಧ. ಇಡೀ ಋತುವಿನಲ್ಲಿ ಸೆವಾನಿ ಬಿಟ್ಟುಕೊಟ್ಟ ಹತ್ತೂ ಅಂಕ ಆ ಒಂದೇ ಪಂದ್ಯದಲ್ಲಿ, ಗೆದ್ದದ್ದು 11-10ರಿಂದ. ಎರಡೇ ದಿನಕ್ಕೆ ನಾರ್ತ್ ಕ್ಯಾರೊಲಿನಾವನ್ನು 5-0ರಿಂದ ಮಣಿಸಿತು. ಕೂದಲೆಳೆಯ ಅಂತರದ ಈ ಎರಡು ಜಯಗಳು ತಂಡದ ಸಂಯಮಕ್ಕೆ ಪ್ರವಾಸದ ಐದು ಗೆಲುವುಗಳಿಗಿಂತ ಬಲವಾದ ಸಾಕ್ಷ್ಯ ಎಂದು ನನ್ನ ಅಭಿಪ್ರಾಯ.

ಬದಲಾದ ಅಳತೆಗೋಲು

ಕಾಲೇಜು ತಂಡಗಳ ಕೂಟವಾದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ 1932ರಲ್ಲಿ ಹುಟ್ಟಿದಾಗ ಸೆವಾನಿ ಅದರ ಸ್ಥಾಪಕ ಸದಸ್ಯ. ಆದರೆ ಆ ಕೂಟದೊಳಗೆ ಆಡಿದ 37 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಾಗದೆ 1940ರಲ್ಲಿ ಹೊರಬಂದಿತು. ಇಂದು ಕಾಲೇಜು ಕ್ರೀಡೆಯ, ಕ್ರೀಡಾ ವಿದ್ಯಾರ್ಥಿವೇತನವಿಲ್ಲದ ಮೂರನೇ ವಿಭಾಗದಲ್ಲಿ ಆಡುತ್ತಿದೆ. ಸೆವಾನಿ ಆ ಕೂಟದಿಂದ ಹೊರಬಂದ ಹೊತ್ತಿಗೆ ಹಣವೂ ಆಟಗಾರರ ಸಂಖ್ಯೆಯೂ ಆಟವನ್ನು ಆಳತೊಡಗಿದ್ದವು. ಕಾಲೇಜು ಮಾತ್ರ ಮೊದಲಿನಂತೆಯೇ ಸಣ್ಣದಾಗಿ ಉಳಿದಿತ್ತು. 1899ರ ಗೆಲುವುಗಳನ್ನು ಪವಾಡವೆಂದು ಕರೆದರೆ ಆ ಹುಡುಗರಿಗೂ ಇತಿಹಾಸಕ್ಕೂ ನ್ಯಾಯ ಸಲ್ಲದು. ಸಣ್ಣ ಕಾಲೇಜೊಂದಕ್ಕೆ ಸಮಬಲದ ಅವಕಾಶವಿದ್ದ ಕಾಲದಲ್ಲಿ, ಆ ಅವಕಾಶವನ್ನು ಪೂರ್ತಿಯಾಗಿ ದುಡಿಸಿಕೊಂಡವರು ಅವರು.