ಸೋಪಿನ ನೀರಿನಲ್ಲಿ ಎರಡು ಗೆರೆ

ವಿಜ್ಞಾನ ಪದವಿ ಓದಿದವರಿಗೆ ಈ ಪ್ರಯೋಗ ನೆನಪಿರಬಹುದು. ನೀರಿಗೆ ಸೋಡಿಯಂ ಡೋಡೆಸಿಲ್ ಸಲ್ಫೇಟ್ ದ್ರಾವಣವನ್ನು ಬ್ಯುರೆಟ್ಟಿನಿಂದ ಸ್ವಲ್ಪಸ್ವಲ್ಪವೇ ಬಿಡುವುದು, ಪ್ರತಿಸಲ ವಿದ್ಯುತ್ ವಾಹಕತೆ ಅಳೆಯುವುದು, ಗ್ರಾಫಿನಲ್ಲಿ ಎರಡು ನೇರ ಗೆರೆ ಎಳೆಯುವುದು. ಅವು ಕೂಡುವ ಜಾಗ, 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8 ಮಿಲಿಮೋಲ್, ಮೈಸೆಲ್‌ಗಳು ಹುಟ್ಟುವ ಬಿಂದು. ನಮ್ಮ ಕಾಲೇಜಿನಲ್ಲಿ ಉತ್ತರ ಮೊದಲೇ ಗೊತ್ತಿತ್ತು. ಗೆರೆಗಳನ್ನು ಅಲ್ಲಿಗೇ ಬಾಗಿಸುತ್ತಿದ್ದೆವು.

ಉತ್ತರವೇ ಗೊತ್ತಿಲ್ಲದ ಕಾಲವೊಂದಿತ್ತು. ಕೆನಡಾದಲ್ಲಿ ಹುಟ್ಟಿದ ಜೇಮ್ಸ್ ವಿಲಿಯಂ ಮೆಕ್‌ಬೇನ್ 1906ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಸೇರಿ ಸೋಪಿನ ಬೆನ್ನು ಹತ್ತಿದರು. ಅದು ವಿಚಿತ್ರ ಪದಾರ್ಥ. ದ್ರಾವಣ ವಿದ್ಯುತ್ತನ್ನು ಉಪ್ಪಿನ ನೀರಿನಂತೆ ಚೆನ್ನಾಗಿ ಹರಿಸುತ್ತದೆ. ಅಂದರೆ ಅಯಾನುಗಳು ಧಾರಾಳವಾಗಿವೆ. ಆದರೆ ಆವಿಯ ಒತ್ತಡ ಅಳೆದರೆ, ನೀರಿನಲ್ಲಿ ಅಷ್ಟು ಕಣಗಳೇ ಇಲ್ಲ ಎಂಬ ಲೆಕ್ಕ! ಸೋಪು ಒಡೆದು ಬಿಟ್ಟ ಕ್ಷಾರವೇ ವಿದ್ಯುತ್ ಹರಿಸುತ್ತಿದೆ ಎಂಬುದು ಸುಲಭದ ಸಮಾಧಾನ. ಅವರ ತಂಡ ಆ ಕ್ಷಾರವನ್ನೇ ಅಳೆಯಿತು. ಇದ್ದದ್ದು ತೀರ ಅಲ್ಪ.

ಹಾಗಾದರೆ ಉಳಿದ ದಾರಿ ಒಂದೇ: ಅಯಾನುಗಳೇ ಗುಂಪುಗೂಡಿ, ವಿದ್ಯುದಂಶ ಹೊತ್ತ ದೊಡ್ಡ ಕಣಗಳಾಗಿವೆ. 1913ರಲ್ಲಿ ಮೆಕ್‌ಬೇನ್ ಇದನ್ನು ಮುಂದಿಟ್ಟರು. ಒಂದೇ ಬಗೆಯ ವಿದ್ಯುದಂಶವುಳ್ಳವು ಪರಸ್ಪರ ದೂರ ತಳ್ಳಬೇಕಲ್ಲವೇ? ಸಭೆಯೊಂದರಲ್ಲಿ ಅಧ್ಯಕ್ಷರು ಇದನ್ನು ಅಸಂಬದ್ಧವೆಂದು ತಳ್ಳಿಹಾಕಿದರೆಂಬ ಕಥೆ ರಸಾಯನಜ್ಞರಲ್ಲಿ ಇಂದಿಗೂ ಓಡಾಡುತ್ತದೆ.

ಪುಣೆಯ ಓದುಗರಿಗೆ ಒಂದು ಮಾತು. 1950ರ ಜನವರಿ 3ರಂದು ನೆಹರೂ ಉದ್ಘಾಟಿಸಿದ ನಿಮ್ಮೂರಿನ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮೊದಲ ನಿರ್ದೇಶಕರು ಇದೇ ಮೆಕ್‌ಬೇನ್. ಪಾಷಾಣ ರಸ್ತೆಯಲ್ಲಿ ಓಡಾಡುವಾಗ ನೆನೆಯಬಹುದು.

ನನ್ನ ತಕರಾರು ಪ್ರಯೋಗದ ಮೇಲಲ್ಲ, ಅದನ್ನು ಒಂದೇ ಉಷ್ಣತೆಯಲ್ಲಿ ಮುಗಿಸಿಬಿಡುವುದರ ಮೇಲೆ. 20ರಿಂದ 45 ಡಿಗ್ರಿಯವರೆಗೆ ಐದಾರು ಕಡೆ ಅಳೆದು ನೋಡಿ. ಆ ಬಿಂದು ಮೊದಲು ಕೊಂಚ ಇಳಿದು, 25ರ ಆಸುಪಾಸಿನಲ್ಲಿ ತಳ ಮುಟ್ಟಿ, ಮತ್ತೆ ಏರುತ್ತದೆ. ತಳದಲ್ಲಿ ಎಂಥಾಲ್ಪಿ ಹೆಚ್ಚುಕಡಿಮೆ ಸೊನ್ನೆ. ಶಾಖ ಬಿಡದೆ, ಶಾಖ ಹೀರದೆ ಅಣುಗಳು ಗುಂಪುಗೂಡುತ್ತಿವೆ! 20 ಮತ್ತು 30ರಲ್ಲಿ ಮಾತ್ರ ಅಳೆದ ವಿದ್ಯಾರ್ಥಿ, ಸೊನ್ನೆ ಬಂದಿತೆಂದು ಪ್ರಯೋಗ ಕೆಟ್ಟಿತೆಂದುಕೊಳ್ಳುತ್ತಾನೆ. ಕೆಟ್ಟಿಲ್ಲ. ಎಣ್ಣೆಯಂಥ ಬಾಲದ ಸುತ್ತ ಶಿಸ್ತಾಗಿ ನಿಂತಿದ್ದ ನೀರಿನ ಅಣುಗಳು, ಬಾಲಗಳು ಒಳಗೆ ಅಡಗಿದಾಗ ಬಿಡುಗಡೆಯಾಗುತ್ತವೆ. ಎಂಟ್ರೊಪಿ ಹೆಚ್ಚುತ್ತದೆ, ಕೆಲಸ ಅದರದು.

ಇನ್ನೊಂದು: ಈ ಪದಾರ್ಥದ ದ್ರಾವಣವನ್ನು ಬಹಳ ದಿನ ಇಟ್ಟರೆ ನಿಧಾನವಾಗಿ ಒಡೆದು ಡೋಡೆಕನಾಲ್ ಹುಟ್ಟುತ್ತದೆ. ಆಗ ಮೇಲ್ಮೈ ಒತ್ತಡದ ಗ್ರಾಫಿನಲ್ಲಿ, ಬಿಂದುವಿನ ಹತ್ತಿರ, ಇರಬಾರದ ಹೊಂಡ ಬೀಳುತ್ತದೆ. ಹಳೆಯ ದ್ರಾವಣದ ಬಾಟಲಿಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಎರಡನ್ನೂ ಅಳೆಯಲು ಹೇಳಬೇಕು, ಕಾರಣ ಹೇಳಬಾರದು. ಬ್ರಿಸ್ಟಲ್ಲಿನಲ್ಲಿ ಕ್ಷಾರವನ್ನು ಅಳೆದು ನೋಡಿದವರಂತೆ ಮಕ್ಕಳೂ ಹುಡುಕಲಿ.