ಸರ್ಕಾರದ ಸರ್ವರ್‌ನಿಂದ ಮೊಬೈಲ್ ಪರದೆಗೆ: ಮಂಡಿ ಬೆಲೆಯನ್ನು ಆ್ಯಪ್‌ನಲ್ಲಿ ತೋರಿಸುವುದು ಹೇಗೆ?

ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ಅದರ 4ನೇ ಸೆಕ್ಷನ್ ಹೇಳುವುದು ಇಷ್ಟು: ಜನ ಅರ್ಜಿ ಹಿಡಿದು ಬರುವವರೆಗೂ ಕಾಯಬೇಡಿ, ಮಾಹಿತಿಯನ್ನು ನೀವಾಗಿಯೇ ಪ್ರಕಟಿಸಿ. 2012ರಲ್ಲಿ ಕೇಂದ್ರ ಸರ್ಕಾರ ಡೇಟಾ ಹಂಚಿಕೆ ನೀತಿ ತಂದಿತು. ಅದೇ ವರ್ಷ 'ಡೇಟಾ ಡಾಟ್ ಗವ್ ಡಾಟ್ ಇನ್' ಪೋರ್ಟಲ್ ಶುರುವಾಯಿತು. ದೇಶದ ಕೃಷಿ ಮಾರುಕಟ್ಟೆಗಳ ದಿನದ ಬೆಲೆ ಇವತ್ತು ಅಲ್ಲಿ ಸಿಗುತ್ತೆ, ಕರ್ನಾಟಕದ ಎಪಿಎಂಸಿಗಳದ್ದೂ ಸೇರಿ.

ಆದರೆ ಸಿಗೋದು ಬೇರೆ, ಕಾಣೋದು ಬೇರೆ. ಸರ್ವರ್ ಕೊಡುವ ಪಠ್ಯವನ್ನು ರಾಗಿ ಬೆಳೆದವರು ಓದಲಾರರು. ಅದನ್ನು ಓದುವ ಹಾಗೆ ಮಾಡೋಕೆ ನಡುವೆ ಯಾರಾದರೂ ಆ್ಯಪ್ ಬರೆಯಬೇಕು. ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಈ 'ನಡುವಿನ ಕೆಲಸ'ದ ಬಗ್ಗೆ ಮೊದಲಿಂದಲೂ ಕುತೂಹಲ. ಇದು ಬರೀ ತಾಂತ್ರಿಕ ಕೆಲಸ ಅಂತ ಅನ್ನಿಸುತ್ತೆ. ಆದರೆ ಪ್ರತಿ ಹಂತದಲ್ಲೂ ಒಂದು ತೀರ್ಮಾನ ಇರುತ್ತೆ, ಆ ತೀರ್ಮಾನದ ಬೆಲೆ ತೆರೋರು ಬೇರೆಯವರು. ಹಾಗಾಗಿ ಹಂತ ಹಂತವಾಗಿ ನೋಡೋಣ.

ವೆಬ್ ಸರ್ವಿಸ್ ಅಂದರೆ

ವೆಬ್‌ಸೈಟ್ ಮನುಷ್ಯರಿಗೆ, ವೆಬ್ ಸರ್ವಿಸ್ ಪ್ರೋಗ್ರಾಮ್‌ಗಳಿಗೆ. ನಿಗದಿತ ವಿಳಾಸಕ್ಕೆ ಆ್ಯಪ್ ಒಂದು ವಿನಂತಿ ಕಳಿಸುತ್ತೆ. ಅದರ ಜೊತೆ ಕೀ, ಬೇಕಾದ ರಾಜ್ಯ, ಎಷ್ಟು ದಾಖಲೆ ಬೇಕು ಅನ್ನೋ ವಿವರ ಇರುತ್ತೆ. ಉತ್ತರ ಸಾಮಾನ್ಯವಾಗಿ ಜೇಸನ್ ರೂಪದಲ್ಲಿ ಬರುತ್ತೆ. ಹೆಸರು ಮತ್ತು ಮೌಲ್ಯಗಳ ಜೋಡಿಗಳನ್ನು ಸಾಲಾಗಿ ಇಟ್ಟ ಸರಳ ಪಠ್ಯ ಅದು. ಮಂಡಿ ಬೆಲೆಯ ಒಂದು ದಾಖಲೆಯಲ್ಲಿ ರಾಜ್ಯ, ಜಿಲ್ಲೆ, ಮಾರುಕಟ್ಟೆ, ಬೆಳೆ, ತಳಿ, ಮಾಲು ಬಂದ ದಿನಾಂಕ, ಕನಿಷ್ಠ ಬೆಲೆ, ಗರಿಷ್ಠ ಬೆಲೆ ಮತ್ತು ಮೋಡಲ್ ಬೆಲೆ ಇರುತ್ತವೆ. ಬೆಲೆ ಕ್ವಿಂಟಾಲ್ ಲೆಕ್ಕದಲ್ಲಿ.

ಒಂದೇ ಕೋಡ್, ಎರಡೂ ಫೋನ್

ಆಂಡ್ರಾಯ್ಡ್‌ಗೆ ಒಂದು ಸಲ, ಐಫೋನ್‌ಗೆ ಇನ್ನೊಂದು ಸಲ ಬರೆಯೋಕೆ ಸಣ್ಣ ತಂಡಗಳಿಗೆ ಪುರುಸೊತ್ತೂ ಇಲ್ಲ, ದುಡ್ಡೂ ಇಲ್ಲ. ಅದಕ್ಕೇ ಒಂದೇ ಕೋಡ್‌ನಿಂದ ಎರಡಕ್ಕೂ ಆ್ಯಪ್ ಮಾಡುವ ಚೌಕಟ್ಟುಗಳು ಬಂದವು. ಫೇಸ್‌ಬುಕ್ ರಿಯಾಕ್ಟ್ ನೇಟಿವ್ ಅನ್ನು 2015ರಲ್ಲಿ ಮುಕ್ತವಾಗಿ ಬಿಟ್ಟಿತು. ಗೂಗಲ್‌ನ ಫ್ಲಟರ್ 1.0 ಬಂದದ್ದು 2018ರ ಡಿಸೆಂಬರ್‌ನಲ್ಲಿ. ಇವೆರಡಕ್ಕಿಂತ ಹಳೆಯ ಕ್ಸಾಮರಿನ್‌ಗೆ ಮೈಕ್ರೋಸಾಫ್ಟ್ 2024ರ ಮೇ 1ಕ್ಕೆ ಬೆಂಬಲ ನಿಲ್ಲಿಸಿತು. ಅದನ್ನು ನಂಬಿದ್ದ ತಂಡಗಳು ಹೊಸ ಚೌಕಟ್ಟಿಗೆ ಗಂಟುಮೂಟೆ ಕಟ್ಟಬೇಕಾಯಿತು. ಆದ್ದರಿಂದ ಡೇಟಾ ತರುವ ಭಾಗವನ್ನೂ ಪರದೆಗೆ ಹಾಕುವ ಭಾಗವನ್ನೂ ಬೇರೆ ಬೇರೆ ಇಡಿ. ನಾಳೆ ಒಂದು ಬದಲಾದರೆ ಇನ್ನೊಂದು ಉಳಿಯುತ್ತೆ.

ಮುಂದಿನ ಉದಾಹರಣೆಗಳಿಗೆ ಫ್ಲಟರ್ ಇಟ್ಟುಕೊಳ್ಳುತ್ತೇನೆ. ತತ್ವ ಎಲ್ಲ ಕಡೆಯೂ ಅದೇ.

ಕೇಳುವುದು, ಕಾಯುವುದು

ಸರ್ವರ್ ಉತ್ತರ ಅರ್ಧ ಸೆಕೆಂಡಿಗೂ ಬರಬಹುದು, ಇಪ್ಪತ್ತು ಸೆಕೆಂಡಾದರೂ ಬಾರದೇ ಇರಬಹುದು. ಅಷ್ಟು ಹೊತ್ತು ಆ್ಯಪ್ ಹೆಪ್ಪುಗಟ್ಟಿ ಕೂರಬಾರದು. ಅದಕ್ಕೆ ಅಸಿಂಕ್, ಅವೇಟ್ ಅನ್ನೋ ಏರ್ಪಾಟು: ವಿನಂತಿ ಹೋಗಿರುತ್ತೆ, ಪರದೆ ತನ್ನ ಕೆಲಸ ಮಾಡ್ತಿರುತ್ತೆ, ಉತ್ತರ ಬಂದಾಗ ಮುಂದಿನ ಸಾಲು ನಡೆಯುತ್ತೆ.

ಇಲ್ಲಿ ಮೂರು ವಿಷಯ ನೆನಪಿಡಿ. ಒಂದು, ಫ್ಲಟರ್‌ನಲ್ಲಿ ವಿನಂತಿಯನ್ನು ಬಿಲ್ಡ್ ಮೆಥಡ್‌ನೊಳಗೆ ಶುರು ಮಾಡಬೇಡಿ. ಪರದೆ ಮತ್ತೆ ಮತ್ತೆ ರಚನೆಯಾದಾಗೆಲ್ಲ ಹೊಸ ವಿನಂತಿ ಹೋಗುತ್ತೆ, ಬಳಕೆದಾರರ ಡೇಟಾ ಪ್ಯಾಕ್ ಸುಮ್ಮನೆ ಖರ್ಚಾಗುತ್ತೆ. ಇನಿಟ್‌ಸ್ಟೇಟ್‌ನಲ್ಲಿ ಒಮ್ಮೆ ಕೇಳಿ. ಎರಡು, ಕಾಯುವುದಕ್ಕೆ ಒಂದು ಮಿತಿ ಹಾಕಿ. ಮೂರು, ಆಂಡ್ರಾಯ್ಡ್‌ನ ಇಂಟರ್ನೆಟ್ ಅನುಮತಿಯನ್ನು ಮುಖ್ಯ ಮ್ಯಾನಿಫೆಸ್ಟ್ ಫೈಲ್‌ನಲ್ಲಿ ಬರೆಯಿರಿ. ಅಭಿವೃದ್ಧಿ ಹಂತದ ಆವೃತ್ತಿಯಲ್ಲಿ ಅದು ತಾನಾಗಿಯೇ ಇರುವುದರಿಂದ ನಿಮ್ಮ ಫೋನ್‌ನಲ್ಲಿ ಎಲ್ಲ ಸರಿಯಾಗಿ ಕಾಣುತ್ತೆ, ಬಿಡುಗಡೆಯಾದ ಮೇಲೆ ಜನರ ಫೋನ್‌ನಲ್ಲಿ ಏನೂ ಬರಲ್ಲ. ಇನ್ನೊಂದು ಮಾತು, ವಿಳಾಸ ಎಚ್‌ಟಿಟಿಪಿಎಸ್ ಆಗಿರಲಿ. ಆಂಡ್ರಾಯ್ಡ್ 9ರಿಂದ ಈಚೆಗೆ ಬರೀ ಎಚ್‌ಟಿಟಿಪಿ ಸಂಪರ್ಕವನ್ನು ಫೋನ್ ತಾನೇ ತಡೆಯುತ್ತೆ.

ಬಿಡಿಸಿ ಓದುವಾಗ

ಬಂದ ಜೇಸನ್ ಅನ್ನು ನೇರ ಪರದೆಗೆ ಸುರಿಯಬೇಡಿ. ಪ್ರತಿ ದಾಖಲೆಗೂ ಒಂದು ಮಾಡೆಲ್ ಕ್ಲಾಸ್ ಮಾಡಿ, ಮೌಲ್ಯಗಳನ್ನು ಪರೀಕ್ಷಿಸಿ ತುಂಬಿ. ಬೆಲೆ ಕೆಲವೊಮ್ಮೆ ಅಂಕಿಯಾಗಿ, ಕೆಲವೊಮ್ಮೆ ಪಠ್ಯವಾಗಿ ಬರಬಹುದು. ಎರಡನ್ನೂ ನಿಭಾಯಿಸಿ.

ದಿನಾಂಕದ ವಿಷಯ ಇನ್ನೂ ಸೂಕ್ಷ್ಮ. ಈ ಸೇವೆಯಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಫ್ಲಟರ್‌ನ ಡಾರ್ಟ್ ಭಾಷೆ ಈ ರೂಪವನ್ನು ನೇರ ಒಪ್ಪದೆ ದೋಷ ತೋರಿಸುತ್ತೆ, ಅದೇ ಒಳ್ಳೇದು. ಜಾವಾಸ್ಕ್ರಿಪ್ಟ್ ಮಾತ್ರ 03/04 ಅನ್ನು ಸದ್ದಿಲ್ಲದೆ ಮಾರ್ಚ್ 4 ಅಂತ ಓದಿಬಿಡುತ್ತೆ. ಏಪ್ರಿಲ್ 3ರ ಬೆಲೆಗೆ ತಿಂಗಳ ಹಿಂದಿನ ದಿನಾಂಕ ಅಂಟಿಕೊಳ್ಳುತ್ತೆ.

ಬೆಲೆಯೇ ಇಲ್ಲದ ದಾಖಲೆ ಬಂದರೆ? ಅನೇಕ ಕೋಡ್‌ಗಳು ಅಲ್ಲಿ ಸೊನ್ನೆ ಹಾಕ್ತವೆ. 'ಮಾಹಿತಿ ಇಲ್ಲ' ಅನ್ನೋದು ಮತ್ತು 'ಬೆಲೆ ಸೊನ್ನೆ' ಅನ್ನೋದು ಒಂದೇ ಅಲ್ಲ. ಮೊದಲನೆಯದು ವ್ಯವಸ್ಥೆಯ ಲೋಪ, ಎರಡನೆಯದು ನಿಮ್ಮ ಆ್ಯಪ್ ಹೇಳುವ ಸುಳ್ಳು.

ಪರದೆಯ ನಾಲ್ಕು ಸ್ಥಿತಿ

ಡೇಟಾ ತೋರಿಸುವ ಪ್ರತಿ ಪರದೆಗೂ ನಾಲ್ಕು ಸ್ಥಿತಿ ಬರೆಯಲೇಬೇಕು: ಬರುತ್ತಿದೆ, ಬಂದಿದೆ, ಬಂತು ಆದರೆ ಖಾಲಿ, ಬರಲಿಲ್ಲ. ಕೊನೆಯ ಎರಡನ್ನು ಒಂದೇ ಮಾಡೋದು ಬಹಳ ಕಡೆ ಕಾಣುತ್ತೆ. ಭಾನುವಾರ ಮಾರುಕಟ್ಟೆ ರಜೆ ಇದ್ದು ದಾಖಲೆ ಇಲ್ಲದಿರುವುದು ಬೇರೆ, ಸರ್ವರ್ ಬಿದ್ದಿರುವುದು ಬೇರೆ. ನೆಟ್‌ವರ್ಕ್ ಇಲ್ಲದಾಗ ಫೋನ್‌ನಲ್ಲಿ ಉಳಿಸಿಟ್ಟ ಹಳೆ ಡೇಟಾ ತೋರಿಸಿ. ಆದರೆ 'ಇದು ಇಂಥ ದಿನದ ಬೆಲೆ' ಅಂತ ಅದರ ಪಕ್ಕದಲ್ಲೇ ಬರೆಯಿರಿ.

ಉದ್ದ ಪಟ್ಟಿಗೆ ಲಿಸ್ಟ್‌ವ್ಯೂ ಬಿಲ್ಡರ್ ಬಳಸಿ, ಕಣ್ಣಿಗೆ ಕಾಣುವ ಸಾಲುಗಳನ್ನಷ್ಟೇ ಅದು ರಚಿಸುತ್ತೆ. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಇದೇ ದೊಡ್ಡ ವ್ಯತ್ಯಾಸ. ಪೋರ್ಟಲ್‌ನ ಮಾದರಿ ಕೀ ಬಳಸಿದರೆ ಒಮ್ಮೆಗೆ 10 ದಾಖಲೆ ಮಾತ್ರ ಸಿಗುತ್ತವೆ. ನೋಂದಾಯಿಸಿ ಸ್ವಂತ ಕೀ ಪಡೆದು, ಲಿಮಿಟ್ ಮತ್ತು ಆಫ್‌ಸೆಟ್ ಕೊಟ್ಟು ಪುಟ ಪುಟವಾಗಿ ತರಿಸಿಕೊಳ್ಳಿ. ಇಲ್ಲದಿದ್ದರೆ ಪಟ್ಟಿಯಲ್ಲಿ ಹತ್ತು ದಾಖಲೆ ಮಾತ್ರ ಇರುತ್ತವೆ, ಉಳಿದ ಮಾರುಕಟ್ಟೆಗಳು ಇಲ್ಲವೇ ಇಲ್ಲ ಅಂತ ಜನ ಅಂದುಕೊಳ್ತಾರೆ.

ಆ ಕೀಯನ್ನು ಆ್ಯಪ್‌ನೊಳಗೆ ಹುದುಗಿಸಬೇಡಿ. ಇನ್‌ಸ್ಟಾಲ್ ಫೈಲ್ ಬಿಚ್ಚಿ ಅದನ್ನು ತೆಗೆಯೋದು ಕಷ್ಟವಲ್ಲ. ನಡುವೆ ನಿಮ್ಮದೇ ಸಣ್ಣ ಸರ್ವರ್ ಇರಲಿ. ಕೀ ಅಲ್ಲಿರುತ್ತೆ, ಉತ್ತರವನ್ನು ಅದೇ ಒಂದಷ್ಟು ಹೊತ್ತು ಉಳಿಸಿಟ್ಟು ಎಲ್ಲರಿಗೂ ಹಂಚುತ್ತೆ.

ಯಾವ ಅಂಕಿ ದಪ್ಪ ಅಕ್ಷರದಲ್ಲಿ?

ಈಗ ಅಸಲಿ ಪ್ರಶ್ನೆ. ದಾಖಲೆಯಲ್ಲಿ ಮೂರು ಬೆಲೆ ಇವೆ. ಗರಿಷ್ಠ ಬೆಲೆ ಅಂದರೆ ಆ ದಿನ ಯಾವುದೋ ಒಂದು ಲಾಟ್‌ಗೆ ಸಿಕ್ಕಿದ್ದು. ಮೋಡಲ್ ಬೆಲೆ ಅಂದರೆ ಹೆಚ್ಚಿನ ವಹಿವಾಟು ನಡೆದ ದರ. ಪರದೆಯಲ್ಲಿ ಗರಿಷ್ಠ ಬೆಲೆಯೇ ದೊಡ್ಡದಾಗಿ ಮಿನುಗಿದರೆ ನೋಡೋಕೆ ಚೆಂದ. ಆದರೆ ಅದನ್ನು ನಂಬಿ ಚೀಲ ಹೇರಿಕೊಂಡು ಹೋದವರಿಗೆ ಸಿಗೋದು ಬೇರೆ ದರ. ಮೋಡಲ್ ಬೆಲೆ ಮುಂದಿರಲಿ, ಉಳಿದೆರಡು ಅದರ ಕೆಳಗೆ.

ಒಂದು ಹೆಜ್ಜೆ ಮುಂದೆ ಹೋಗಿ: ಪಕ್ಕದಲ್ಲಿ ಕನಿಷ್ಠ ಬೆಂಬಲ ಬೆಲೆಯನ್ನೂ ತೋರಿಸಿ. 2024-25ರ ಹಂಗಾಮಿಗೆ ರಾಗಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲ್‌ಗೆ 4,290 ರೂಪಾಯಿ, ಕೆಜಿಗೆ 42 ರೂಪಾಯಿ 90 ಪೈಸೆ. ಮಂಡಿಯ ಮೋಡಲ್ ಬೆಲೆ ಅದಕ್ಕಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಅನ್ನೋದು ಒಂದೇ ಕಳೆಯುವ ಲೆಕ್ಕ. ಕೋಡ್‌ನಲ್ಲಿ ಒಂದು ಸಾಲು. ಆದರೆ ಆ ಸಾಲು ಇದ್ದರೆ ಬೆಲೆಪಟ್ಟಿಯಾಗಿದ್ದ ಆ್ಯಪ್ ಸರ್ಕಾರಕ್ಕೆ ಕೇಳುವ ಪ್ರಶ್ನೆಯಾಗುತ್ತೆ.

ಭಾಷೆಯನ್ನೂ ಮರೆಯಬೇಡಿ. ಸೇವೆಯಲ್ಲಿ ಬೆಳೆ, ಮಾರುಕಟ್ಟೆಗಳ ಹೆಸರು ಇಂಗ್ಲಿಷಿನಲ್ಲಿವೆ. ಯಂತ್ರಾನುವಾದಕ್ಕೆ ಬಿಡದೆ ಕನ್ನಡ ಹೆಸರುಗಳ ಪಟ್ಟಿಯನ್ನು ಕೈಯಾರೆ ಮಾಡಿ, ಆಯಾ ಊರಿನವರ ಹತ್ತಿರ ಓದಿಸಿ. 2017ರ ಸರ್ಕಾರಿ ಮುಕ್ತ ಡೇಟಾ ಪರವಾನಗಿಯ ಪ್ರಕಾರ ಇದನ್ನೆಲ್ಲ ಬಳಸೋಕೆ ಯಾರ ಅಪ್ಪಣೆಯೂ ಬೇಕಿಲ್ಲ, ಮೂಲ ಹೇಳಿದರೆ ಸಾಕು.

ಹಾಗೆಂದು ಆ್ಯಪ್ ಬಂದ ತಕ್ಷಣ ಬೆಲೆ ಏರಲ್ಲ. ದಾಖಲಾಗದ ವಹಿವಾಟು ಪರದೆಗೂ ಬರಲ್ಲ. ಆದರೆ ದಾಖಲಾಗಿರೋದನ್ನು ಸರಿಯಾದ ದಿನಾಂಕದೊಂದಿಗೆ, ಸರಿಯಾದ ಅಂಕಿಯೊಂದಿಗೆ, ನಮ್ಮ ಭಾಷೆಯಲ್ಲಿ ತೋರಿಸಿದರೆ ಎಪಿಎಂಸಿ ಅಂಗಳದಲ್ಲಿ ದರ ಕೇಳುವವರ ಕೈಯಲ್ಲಿ ಒಂದು ಆಧಾರ ಇರುತ್ತೆ. ಕೋಡ್ ಬರೆಯಬಲ್ಲ ಗೆಳೆಯರೇ, ಒಂದು ವಾರಾಂತ್ಯ ಸಾಕು. ನಿಮ್ಮ ತಾಲ್ಲೂಕಿನ ಒಂದು ಮಾರುಕಟ್ಟೆ, ಒಂದು ಬೆಳೆಯಿಂದ ಶುರು ಮಾಡಿ.