ರೈಲುಗಾಡಿಯ ಕೈಬ್ರೇಕು

ರೈಲುಗಾಡಿಯ ಚರಿತ್ರೆಯೆಂದರೆ ನಮ್ಮ ಪಠ್ಯಪುಸ್ತಕಗಳಲ್ಲಿ ಓಟದ ಚರಿತ್ರೆ. ಯಾವ ಇಂಜಿನು ಮೊದಲು ಓಡಿತು, ಎಷ್ಟು ವೇಗವಾಗಿ ಓಡಿತು, ಅದನ್ನು ಕಟ್ಟಿದವರು ಯಾರು ಎಂಬುದನ್ನು ಹುಡುಗರು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಓಡುವ ಗಾಡಿಯನ್ನು ನಿಲ್ಲಿಸಿದವರು ಯಾರು, ನಿಂತ ಗಾಡಿ ತಾನಾಗಿ ಜಾರಿಹೋಗದಂತೆ ಹಿಡಿದವರು ಯಾರು ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಆದರೂ ವಾಚಕರೆ, ನಿಲ್ಲಿಸುವುದು ಓಡಿಸುವುದಕ್ಕಿಂತ ಕಠಿಣವಾದ ವಿದ್ಯೆ. ಆ ವಿದ್ಯೆಯ ಮೊದಲ ಅಕ್ಷರ ಕೈಬ್ರೇಕು. ಗೂಡ್ಸ್ ಗಾಡಿಯ ಡಬ್ಬಿಯ ಬದಿಯಲ್ಲೋ ತುದಿಯಲ್ಲೋ ಕಾಣುವ ಕಬ್ಬಿಣದ ಕೋಲು ಅಥವಾ ಚಕ್ರವೇ ಅದು. ಅದರ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಈ ಬ್ರೇಕಿನ ಜೀವಾಳ ಸನ್ನೆಗೋಲು. ಸನ್ನೆ, ಕೋಲು ಎಂಬ ಎರಡು ಪದಗಳು ಕೂಡಿ, ಕಕಾರಕ್ಕೆ ಗಕಾರ ಆದೇಶವಾಗಿ ಆದ ಮಾತು ಇದು. ವಸ್ತುವೂ ನಮಗೆ ಹೊಸದಲ್ಲ. ಹೊಲದ ಬಂಡೆಯನ್ನು ಮೀಟುವ ಹಾರೆ ಸನ್ನೆಗೋಲು. ಬಾವಿಯಿಂದ ನೀರೆತ್ತುವ ಏತದ ಮರವೂ ಸನ್ನೆಗೋಲೇ. ಕೈಯ ಕಡೆಯ ತೋಳು ಉದ್ದವಾಗಿ ಭಾರದ ಕಡೆಯ ತೋಳು ಗಿಡ್ಡವಾಗಿದ್ದರೆ ಸಣ್ಣ ಬಲವೇ ದೊಡ್ಡ ಕೆಲಸ ಮಾಡುತ್ತದೆ. ಉದ್ದದ ತೋಳು ಗಿಡ್ಡದ 10ರಷ್ಟಿದ್ದರೆ, ಇತ್ತ 20 ಕಿಲೋಗ್ರಾಂ ಒತ್ತಿದಾಗ ಅತ್ತ 200 ಕಿಲೋಗ್ರಾಂ ಒತ್ತಡ ಬೀಳುತ್ತದೆ.

ಇಂಗ್ಲೆಂಡಿನ ಹಳೆಯ ಗೂಡ್ಸ್ ಡಬ್ಬಿಗಳಲ್ಲಿ ಬದಿಗೆ ಹೊಂದಿಕೊಂಡಂತೆ ಇಂಥ ಒಂದು ಉದ್ದನೆಯ ಕೋಲು ಇರುತ್ತಿತ್ತು. ಅದನ್ನು ಕೆಳಕ್ಕೆ ಒತ್ತಿದರೆ ಬ್ರೇಕಿನ ದಿಮ್ಮಿಗಳು ಗಾಲಿಯ ಅಂಚಿಗೆ ಬಿಗಿಯಾಗಿ ಕೂರುತ್ತಿದ್ದವು. ಕೋಲು ಮತ್ತೆ ಮೇಲೇಳದಂತೆ ತೂತುಗಳಿದ್ದ ಪಟ್ಟಿಯಲ್ಲಿ ಒಂದು ಗೂಟವನ್ನು ಸಿಕ್ಕಿಸುತ್ತಿದ್ದರು. ಅಮೆರಿಕದಲ್ಲಿ ಏರ್ಪಾಡು ಸ್ವಲ್ಪ ಬೇರೆ. ಅಲ್ಲಿ ಡಬ್ಬಿಯ ತುದಿಯ ಚಕ್ರವನ್ನು ತಿರುಗಿಸಿದರೆ ಒಂದು ಸರಪಳಿ ಸುತ್ತಿಕೊಂಡು, ಡಬ್ಬಿಯಡಿಯ ಸಲಾಕಿಯನ್ನು ಎಳೆದು, ಅದರ ಮೂಲಕ ದಿಮ್ಮಿಗಳನ್ನು ಗಾಲಿಗೆ ಒತ್ತುತ್ತದೆ. ಕೆಲವು ಡಬ್ಬಿಗಳಲ್ಲಿ ಚಕ್ರಕ್ಕೆ ಬದಲು ಕೈಪಂಪಿನ ಹಿಡಿಯಂಥ ಕೋಲು ಇರುತ್ತದೆ. ಅದನ್ನು ಮೇಲೆ ಕೆಳಗೆ ಆಡಿಸಿದಷ್ಟೂ ಸರಪಳಿ ಬಿಗಿಯುತ್ತದೆ. ಎರಡರಲ್ಲಿಯೂ ಒಂದು ಹಲ್ಲುಚಕ್ರವುಂಟು. ಅದರ ಹಲ್ಲಿಗೆ ಕಬ್ಬಿಣದ ಚಿಕ್ಕ ನಾಲಗೆಯೊಂದು ಬಂದು ಬೀಳುತ್ತದೆ. ಒಂದು ಹಲ್ಲು ಮುಂದೆ ಹೋದರೆ ನಾಲಗೆ ಅದನ್ನು ಹಿಂದಕ್ಕೆ ಬಿಡುವುದಿಲ್ಲ. ಕೈ ತೆಗೆದು ಮನುಷ್ಯ ಮನೆಗೆ ಹೋದರೂ ಬಿಗಿತ ಹಾಗೆಯೇ ಉಳಿಯುತ್ತದೆ. ಈ ಕಡೆಯ ಮಾತನ್ನು ನೆನಪಿನಲ್ಲಿಡಿರಿ; ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ.

19ನೆಯ ಶತಮಾನದ ಬಹುಭಾಗ ಓಡುವ ಗಾಡಿಯನ್ನು ನಿಲ್ಲಿಸುವುದಕ್ಕೂ ಈ ಕೈಬ್ರೇಕೇ ಗತಿಯಾಗಿತ್ತು. ಇಂಜಿನಿನವನು ಸೀಟಿ ಊದಿದರೆ ಗಾರ್ಡು ತನ್ನ ಬ್ರೇಕ್ ಡಬ್ಬಿಯಲ್ಲಿ ಚಕ್ರ ತಿರುಗಿಸಬೇಕು. ಇಂಗ್ಲೆಂಡಿನ ಗೂಡ್ಸ್ ಗಾಡಿ ಕಡಿದಾದ ಇಳಿಜಾರಿನ ನೆತ್ತಿಗೆ ಬಂದರೆ ಅಲ್ಲಿ ನಿಲ್ಲುತ್ತಿತ್ತು. ಆಳುಗಳು ಇಳಿದು ಡಬ್ಬಿಯಿಂದ ಡಬ್ಬಿಗೆ ಹೋಗಿ ಕೋಲುಗಳನ್ನು ಒತ್ತಿ ಗೂಟ ಹಾಕುತ್ತಿದ್ದರು. ತಗ್ಗಿಗೆ ಬಂದ ಮೇಲೆ ಅದೇ ಗೂಟಗಳನ್ನು ಕಿತ್ತು ಪ್ರಯಾಣ ಮುಂದುವರಿಸಬೇಕು. ಬಹಳ ಡಬ್ಬಿಗಳಿಗೆ ಕೋಲು ಒಂದೇ ಬದಿಯಲ್ಲಿತ್ತು. ಆಚೆ ಬದಿಗೆ ಹೋಗಲು ಆಳು ಎರಡು ಡಬ್ಬಿಗಳ ನಡುವೆ ನುಸುಳಬೇಕು. ಆ ಗಳಿಗೆಯಲ್ಲಿ ಗಾಡಿ ಅಲುಗಿದರೆ ಅವನ ಕಥೆ ಮುಗಿಯಿತು. ಬ್ರಿಟಿಷ್ ಪಾರ್ಲಿಮೆಂಟು ರೈಲ್ವೆ ಕೆಲಸಗಾರರ ಅಪಘಾತಗಳನ್ನು ತಡೆಯಲು 1900ರಲ್ಲಿ ಒಂದು ಕಾನೂನು ಮಾಡಿತು. ಅದರ ಅಡಿಯಲ್ಲಿ ಬಂದ ನಿಯಮಗಳು, ಡಬ್ಬಿಯ ಯಾವ ಬದಿಯಿಂದಲಾದರೂ ಬ್ರೇಕು ಹಾಕಲು ಬರಬೇಕೆಂದು ವಿಧಿಸಿದವು. ಒಂದು ಕೋಲನ್ನು ಎರಡು ಬದಿಗೆ ಇಡಿಸಲು ಕಾನೂನೇ ಬೇಕಾಯಿತು, ನೋಡಿರಿ.

ಅಮೆರಿಕದ ಬ್ರೇಕಿನಾಳುಗಳ ಪಾಡು ಇನ್ನೂ ಘೋರವಾಗಿತ್ತು. ಅಲ್ಲಿಯ ಮುಚ್ಚಿದ ಡಬ್ಬಿಗಳಲ್ಲಿ ಬ್ರೇಕಿನ ಚಕ್ರವಿದ್ದದ್ದು ಮಾಡಿನ ಮೇಲೆ. ಸೀಟಿ ಕೇಳಿದೊಡನೆ ಆಳು ಓಡುತ್ತಿರುವ ಗಾಡಿಯ ನೆತ್ತಿಯಲ್ಲಿ, ಕಿರಿದಾದ ಹಲಗೆಯ ಮೇಲೆ ಓಡಿ, ಒಂದು ಚಕ್ರ ಬಿಗಿದು, ಮುಂದಿನ ಡಬ್ಬಿಗೆ ನೆಗೆದು, ಅದನ್ನೂ ಬಿಗಿಯಬೇಕು. ಕೈಬಲ ಸಾಲದಾಗ ಚಕ್ರದ ಕಡ್ಡಿಗಳ ನಡುವೆ ತೂರಿಸಿ ತಿರುವಲು ಗಟ್ಟಿಮರದ ದೊಣ್ಣೆಯೊಂದನ್ನು ಒಯ್ಯುತ್ತಿದ್ದರು. ಹಗಲು, ಒಣಹವೆ ಇದ್ದಾಗಲೇ ಕಷ್ಟ. ಇನ್ನು ರಾತ್ರಿಯಲ್ಲಿ, ಮಂಜುಗಡ್ಡೆ ಕಟ್ಟಿದ ಮಾಡಿನ ಮೇಲೆ ಹೇಗಿದ್ದೀತೆಂದು ನೀವೇ ಊಹಿಸಿಕೊಳ್ಳಿರಿ. ಕಾಲು ಜಾರಿ ಬಿದ್ದವರು, ಸೇತುವೆಯ ಕಮಾನಿಗೆ ತಲೆ ತಗುಲಿ ಸತ್ತವರು ಅನೇಕ. 1889ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ರೈಲ್ವೆ ಕೆಲಸಗಾರರ ಈ ಅಪಾಯವನ್ನು ಯುದ್ಧಕಾಲದ ಸೈನಿಕನ ಅಪಾಯಕ್ಕೆ ಹೋಲಿಸಿ, ಅದು ನಾಗರಿಕತೆಗೆ ಕಳಂಕವೆಂದು ಕಾಂಗ್ರೆಸ್ಸಿಗೆ ತಿಳಿಸಿದನು.

ಪರಿಹಾರವೇನೋ ಅದಾಗಲೇ ಹುಟ್ಟಿತ್ತು. ಜಾರ್ಜ್ ವೆಸ್ಟಿಂಗ್‌ಹೌಸ್ ಎಂಬ ತರುಣನು 1869ರಲ್ಲಿ, 22 ವರ್ಷ ವಯಸ್ಸಿನಲ್ಲಿ, ಗಾಳಿಯ ಒತ್ತಡದಿಂದ ನಡೆಯುವ ಬ್ರೇಕಿಗೆ ಪೇಟೆಂಟು ಪಡೆದನು. ಇಂಜಿನಿನಿಂದ ಕೊಳವೆಯ ಮೂಲಕ ಎಲ್ಲ ಡಬ್ಬಿಗಳಿಗೂ ಗಾಳಿ ಹೋಗಿ ಬ್ರೇಕು ಹಿಡಿಯುತ್ತಿತ್ತು. ಆದರೆ ಕೊಳವೆ ಒಡೆದರೆ ಬ್ರೇಕೇ ಇಲ್ಲ. 1872ರಲ್ಲಿ ಅವನು ಕ್ರಮವನ್ನು ತಿರುವುಮುರುವು ಮಾಡಿದನು. ಗಾಡಿ ಓಡುವಾಗ ಕೊಳವೆಯಲ್ಲಿ ಸದಾ ಒತ್ತಡವಿರಬೇಕು. ಒತ್ತಡ ಇಳಿದರೆ ಪ್ರತಿಯೊಂದು ಡಬ್ಬಿಯೂ ತನ್ನ ತೊಟ್ಟಿಯಲ್ಲಿ ಕೂಡಿಟ್ಟ ಗಾಳಿಯಿಂದ ತಾನೇ ಬ್ರೇಕು ಹಾಕಿಕೊಳ್ಳಬೇಕು. ಗಾಡಿ ನಡುವೆ ತುಂಡಾದರೂ ಎರಡು ಭಾಗಗಳೂ ತಾವಾಗಿ ನಿಲ್ಲುತ್ತವೆ. ಉದ್ದನೆಯ ಗೂಡ್ಸ್ ಗಾಡಿಗಳಲ್ಲಿ ಇದು ತಡವಾಗಿ ಹಿಡಿದು ಹಿಂದಿನ ಡಬ್ಬಿಗಳು ಮುಂದಿನವಕ್ಕೆ ಗುದ್ದುತ್ತಿದ್ದವು. ಅಯೋವಾ ರಾಜ್ಯದ ಬರ್ಲಿಂಗ್ಟನ್ ಬಳಿ 1886 ಮತ್ತು 1887ರಲ್ಲಿ 50 ಡಬ್ಬಿಗಳ ಗಾಡಿಗಳ ಮೇಲೆ ಪರೀಕ್ಷೆಗಳು ನಡೆದು, ವೆಸ್ಟಿಂಗ್‌ಹೌಸ್ ತನ್ನ ಕವಾಟವನ್ನು ತಿದ್ದಿ ಆ ದೋಷವನ್ನೂ ಕಳೆದನು.

ವಿದ್ಯೆ ಸಿದ್ಧವಾದರೂ ಅದಕ್ಕೆ ದುಡ್ಡು ಹಾಕಲು ಮನಸ್ಸುಗಳು ಸಿದ್ಧವಿರಲಿಲ್ಲ. ಐರ್ಲೆಂಡಿನ ಅರ್ಮಾ ಪಟ್ಟಣದಲ್ಲಿ ಇದಕ್ಕೆ ತೆತ್ತ ಬೆಲೆಯನ್ನು ಕೇಳಿರಿ. 1889ರ ಜೂನ್ 12ರಂದು ಅಲ್ಲಿಂದ ಮಕ್ಕಳೂ ಹಿರಿಯರೂ ತುಂಬಿದ ವಿಹಾರದ ಗಾಡಿಯೊಂದು ಸಮುದ್ರತೀರಕ್ಕೆ ಹೊರಟಿತು. 75 ಅಡಿಗೆ 1 ಅಡಿ ಏರುವ ದಾರಿಯಲ್ಲಿ, ನೆತ್ತಿ ಇನ್ನೇನು ಸಮೀಪಿಸಿತೆನ್ನುವಾಗ, ಇಂಜಿನು ಸೋತು ನಿಂತಿತು. ಆ ಗಾಡಿಗೆ ಇಂಜಿನಿನಿಂದ ನಡೆಯುವ ಬ್ರೇಕು ಇತ್ತು. ಆದರೆ ತುಂಡಾದರೆ ತಾನಾಗಿ ಹಿಡಿಯುವ ಬ್ರೇಕು ಅದಲ್ಲ. ಗಾಡಿಯನ್ನು ಎರಡು ಮಾಡಿ ಮುಂದಿನ ಭಾಗವನ್ನು ಮೊದಲು ಸಾಗಿಸುವುದೆಂದು ನಿಶ್ಚಯವಾಯಿತು. ಹಿಂದಿನ 10 ಡಬ್ಬಿಗಳನ್ನು ಹಿಡಿಯಲು ಉಳಿದದ್ದು ಗಾರ್ಡಿನ ಒಂದೇ ಒಂದು ಕೈಬ್ರೇಕು. ನಾವು ಏರಿನಲ್ಲಿ ಎತ್ತಿನ ಗಾಡಿಯ ಗಾಲಿಗೆ ಕಲ್ಲು ಕೊಡುತ್ತೇವಲ್ಲ, ಹಾಗೆಯೇ ಅಲ್ಲಿ ಗಾಲಿಗಳಿಗೆ ಕಲ್ಲು ಕೊಟ್ಟರು. ಮುಂದಿನ ಭಾಗ ಹೊರಡುವಾಗ ಸ್ವಲ್ಪ ಹಿಂದಕ್ಕೆ ಸರಿದು ತಾಕಿತು, ಕಲ್ಲುಗಳು ಪುಡಿಯಾದವು, ಕೈಬ್ರೇಕು ಸಾಲದೆ ಹೋಯಿತು. 10 ಡಬ್ಬಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಓಡಿ, ಹಿಂದಿನಿಂದ ಬರುತ್ತಿದ್ದ ಇನ್ನೊಂದು ಗಾಡಿಗೆ ಬಡಿದವು. ಡಬ್ಬಿಗಳ ಬಾಗಿಲುಗಳಿಗೆ ಬೀಗ ಹಾಕಿದ್ದರು. ಸುಮಾರು 80 ಜನ ಸತ್ತರು. ಅವರಲ್ಲಿ ಮಕ್ಕಳು ಅನೇಕ.

ಮೂರು ತಿಂಗಳು ತುಂಬುವ ಮೊದಲೇ, ಆಗಸ್ಟ್ 30ರಂದು, ಪ್ರಯಾಣಿಕರ ಗಾಡಿಗಳಿಗೆಲ್ಲ ತಾನಾಗಿ ಹಿಡಿಯುವ ಬ್ರೇಕು ಕಡ್ಡಾಯವೆಂಬ ಕಾನೂನು ಬ್ರಿಟನ್ನಿನಲ್ಲಿ ಜಾರಿಗೆ ಬಂದಿತು. ಅಮೆರಿಕದಲ್ಲಿ ಅಯೋವಾದ ರೈತ ಲೊರೆಂಜೊ ಕಾಫಿನ್ ಮುಂತಾದವರು ಬ್ರೇಕಿನಾಳುಗಳ ಪರವಾಗಿ ವರ್ಷಗಟ್ಟಲೆ ಹೋರಾಡಿದ ಮೇಲೆ, 1893ರ ಮಾರ್ಚ್ 2ರಂದು ಅಂಥದೇ ಕಾನೂನಾಯಿತು. ಅದು ಪೂರ್ತಿಯಾಗಿ ಆಚರಣೆಗೆ ಬರಲು 1900ರವರೆಗೆ ಕಾಯಬೇಕಾಯಿತು.

ಇಲ್ಲಿಗೆ ಕೈಬ್ರೇಕಿನ ಕಾಲ ಮುಗಿಯಿತೆಂದು ನೀವು ಭಾವಿಸಬಹುದು. ಹಾಗಾಗಲಿಲ್ಲ. 1910ರಲ್ಲಿ ಅಮೆರಿಕದ ಕಾಂಗ್ರೆಸ್ಸು ಇನ್ನೊಂದು ಕಾನೂನು ಮಾಡಿ, ಡಬ್ಬಿಗಳಿಗೆ ಗಟ್ಟಿ ಮೆಟ್ಟಿಲು, ಏಣಿ, ಹಿಡಿಗಳ ಜೊತೆಗೆ ಸಮರ್ಥವಾದ ಕೈಬ್ರೇಕೂ ಇರಬೇಕೆಂದಿತು. ಗಾಳಿಬ್ರೇಕು ಬಂದ ಮೇಲೆ ಇದೇಕೆ? ಕಾರಣ ಸರಳ. ಗಾಳಿ ಸೋರುತ್ತದೆ. ಎಷ್ಟು ಚೆನ್ನಾಗಿ ಬೆಸೆದ ತೊಟ್ಟಿಯಾದರೂ, ಇಂಜಿನಿನ ಪಂಪು ನಿಂತ ಮೇಲೆ, ಕೆಲವು ಗಂಟೆಗಳಲ್ಲಿ ಒತ್ತಡ ಇಳಿದು ದಿಮ್ಮಿಗಳು ಸಡಿಲವಾಗುತ್ತವೆ. ಹಲ್ಲುಚಕ್ರದ ಮೇಲೆ ಬಿದ್ದ ನಾಲಗೆಯಾದರೋ ಸೋರುವುದಿಲ್ಲ. ಓಡುವ ಗಾಡಿಯನ್ನು ನಿಲ್ಲಿಸಲು ಗಾಳಿ. ನಿಂತ ಗಾಡಿಯನ್ನು ಕಾಯಲು ಕೈ. ಈ ವಿವೇಕವನ್ನು ಮರೆತಾಗ ಏನಾಗುವುದೆಂಬುದು ನಮ್ಮ ಕಾಲದಲ್ಲಿಯೇ ಕಾಣಿಸಿತು.

2013ರ ಜುಲೈ 5ರ ರಾತ್ರಿ ಕೆನಡದ ಕ್ವಿಬೆಕ್ ಪ್ರಾಂತದ ನಾಂಟ್ ಎಂಬಲ್ಲಿ, ಕಚ್ಚಾ ಎಣ್ಣೆ ತುಂಬಿದ 72 ಟ್ಯಾಂಕು ಡಬ್ಬಿಗಳ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಅದನ್ನು ಒಬ್ಬನೇ ನಡೆಸಿಕೊಂಡು ಬಂದಿದ್ದ ಚಾಲಕನು ವಿಶ್ರಾಂತಿಗೆ ಹೋದನು. ಅವನು 7 ಕೈಬ್ರೇಕುಗಳನ್ನು ಬಿಗಿದಿದ್ದನು. ಅವು ಸಾಕೇ ಎಂದು ಗಾಡಿಯನ್ನು ಎಳೆದು ಪರೀಕ್ಷಿಸಿಯೂ ಇದ್ದನು. ಆದರೆ ಪರೀಕ್ಷೆಯ ಹೊತ್ತಿನಲ್ಲಿ ಇಂಜಿನುಗಳ ಗಾಳಿಬ್ರೇಕು ಬಿಗಿದೇ ಇತ್ತು. ಹಾಗಾಗಿ ಗಾಡಿಯನ್ನು ಹಿಡಿದದ್ದು ಕೈಯೋ ಗಾಳಿಯೋ ಎಂಬುದು ತಿಳಿಯಲಿಲ್ಲ. ಅನಂತರ ಇಂಜಿನಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಅಗ್ನಿಶಾಮಕರು ಬಂದು ಇಂಜಿನನ್ನು ನಿಲ್ಲಿಸಿ ಬೆಂಕಿ ಆರಿಸಿದರು. ಪಂಪು ನಿಂತಿತು, ಗಾಳಿ ಸೋರಿತು. ನಡುರಾತ್ರಿ ಕಳೆದು ಸುಮಾರು ಒಂದು ಗಂಟೆಗೆ ಗಾಡಿ ತಾನಾಗಿ ಹೊರಟು, ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ಇಳಿದು, ಗಂಟೆಗೆ ನೂರು ಕಿಲೋಮೀಟರು ಮೀರಿದ ವೇಗದಲ್ಲಿ ಲಾಕ್ ಮೆಗಾಂಟಿಕ್ ಪಟ್ಟಣದ ನಡುವೆ ಹಳಿ ತಪ್ಪಿತು. ಎಣ್ಣೆ ಹೊತ್ತಿಕೊಂಡಿತು. 47 ಜನ ಮಡಿದರು.

ಆ ಗಾಡಿಯನ್ನು ಹಿಡಿಯಲು ಕಡಮೆಯೆಂದರೆ 17, ಪ್ರಾಯಶಃ 26ರವರೆಗೆ ಕೈಬ್ರೇಕುಗಳು ಬೇಕಾಗಿದ್ದವೆಂದು ಕೆನಡದ ಸಾರಿಗೆ ಸುರಕ್ಷತಾ ಮಂಡಳಿ ಲೆಕ್ಕ ಹಾಕಿತು. ತಪ್ಪನ್ನು ಒಬ್ಬನ ತಲೆಗೆ ಕಟ್ಟದೆ ಒಟ್ಟು 18 ಕಾರಣಗಳನ್ನು ಅದು ಎಣಿಸಿತು. ಅದೇ ಜುಲೈ ತಿಂಗಳಲ್ಲಿ, ಅಪಾಯಕರ ಸರಕಿನ ಗಾಡಿಗಳಲ್ಲಿ ಇಬ್ಬರಿಗೆ ಕಡಮೆಯಿಲ್ಲದ ಸಿಬ್ಬಂದಿ ಇರಬೇಕೆಂದು ಅಲ್ಲಿಯ ಸರ್ಕಾರ ಆಜ್ಞೆ ಮಾಡಿತು.

ನಮ್ಮ ದೇಶವೂ ಈ ಪಾಠಕ್ಕೆ ಹೊರತಲ್ಲ. 2024ರ ಫೆಬ್ರವರಿ 25ರಂದು ಜಮ್ಮುವಿನ ಕಠುವಾ ನಿಲ್ದಾಣದಲ್ಲಿ ನಿಂತಿದ್ದ ಜಲ್ಲಿಕಲ್ಲಿನ ಗೂಡ್ಸ್ ಗಾಡಿಯೊಂದು ಚಾಲಕನಿಲ್ಲದೆ ಹೊರಟು, 70 ಕಿಲೋಮೀಟರಿಗೂ ಹೆಚ್ಚು ದೂರ ಓಡಿ, ಪಂಜಾಬಿನ ಊಂಚಿ ಬಸ್ಸಿಯ ಬಳಿ ನಿಂತಿತು. ದಾರಿಯನ್ನು ತೆರವು ಮಾಡಿದ್ದರಿಂದ ಯಾರ ಪ್ರಾಣವೂ ಹೋಗಲಿಲ್ಲ. ಕೈಬ್ರೇಕುಗಳನ್ನು ಸರಿಯಾಗಿ ಬಿಗಿದಿರಲಿಲ್ಲವೆಂಬುದು ವಿಚಾರಣೆಯಲ್ಲಿ ಕೇಳಿಬಂದ ಮಾತು.

ಒಂದೂಕಾಲು ಶತಮಾನದ ಅಂತರದಲ್ಲಿ ನಡೆದ ಈ ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಮೊದಲ ಕಾಲದವರು ಕೈಬ್ರೇಕಿನ ಮೇಲೆ ಅದು ಹೊರಲಾರದ ಭಾರ ಹೊರಿಸಿದರು. ಅದರಿಂದ ಸತ್ತವರು ಮಾಡಿನ ಮೇಲಿನ ಆಳುಗಳು, ಅರ್ಮಾದ ಮಕ್ಕಳು. ನಂತರದವರು ಅದು ಹೊರಬೇಕಾದ ಭಾರವನ್ನೂ ಅದಕ್ಕೆ ಕೊಡದೆ ಗಾಳಿಯನ್ನು ನಂಬಿದರು. ಅದರಿಂದ ಸತ್ತವರು ಪಟ್ಟಣದಲ್ಲಿ ನಿಶ್ಚಿಂತರಾಗಿದ್ದ ಜನ. ಉಪಕರಣ ಎರಡು ಕಾಲಕ್ಕೂ ಒಂದೇ. ಅದರ ಯೋಗ್ಯತೆಯನ್ನು ಅಳೆಯುವುದರಲ್ಲಿ ಮನುಷ್ಯ ಎಡವಿದನು.

ಕೈಬ್ರೇಕಿಗೆ ಕೈ ಬೇಕು ಎಂಬುದು ಅದರ ಹೆಸರಿನಲ್ಲೇ ಇದೆ. ಇರುಳಿನಲ್ಲಿ, ಮಳೆಯಲ್ಲಿ, ಗಾಡಿಯ ಉದ್ದಕ್ಕೂ ಜಲ್ಲಿಯ ಮೇಲೆ ನಡೆದು, ಒಂದಾದ ಮೇಲೊಂದರಂತೆ ಇಪ್ಪತ್ತು ಚಕ್ರಗಳನ್ನು ಬಿಗಿಯುವವನಿಗೆ ಹೊತ್ತು ಬೇಕು, ರಟ್ಟೆಯಲ್ಲಿ ಶಕ್ತಿ ಉಳಿದಿರಬೇಕು, ಜೊತೆಗೆ ಒಬ್ಬ ಸಂಗಾತಿ ಬೇಕು. ಬಿಗಿದಾದ ಮೇಲೆ ಗಾಳಿಯನ್ನು ಪೂರ್ತಿ ಬಿಟ್ಟು, ಗಾಡಿ ಬರಿಯ ಕೈಬ್ರೇಕಿನ ಮೇಲೆ ನಿಲ್ಲುವುದೇ ಎಂದು ನೋಡುವ ತಾಳ್ಮೆಯೂ ಬೇಕು. ಇಷ್ಟನ್ನು ಅವನಿಗೆ ಒದಗಿಸಿಕೊಟ್ಟರೆ ಆ ಚಿಕ್ಕ ಕಬ್ಬಿಣದ ನಾಲಗೆ ಬೆಳಗಿನವರೆಗೆ ಹಲ್ಲು ಬಿಡದೆ ಹಿಡಿದುಕೊಂಡಿರುತ್ತದೆ. ಇಳಿಜಾರಿನ ಕೆಳಗಿನ ಊರು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತದೆ.